ಒಡಪಿನಲ್ಲಿ ಕಾಶವ್ವನ ಹೆಸರು

ಹೋದ ಬೇಸಿಗೆಯಲ್ಲಿ ಹೆಂಗಸರ ಸಂಘಗಳ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ತಮ್ಮ ತರಬೇತಿಗೆ ನನ್ನನ್ನು ಕರೆದಿದ್ದರು. ಯಾವ ಊರಿನಲ್ಲಿ ಎಷ್ಟು ವರ್ಷ ಇದ್ದೆ, ಯಾವಾಗ ಬಡ್ತಿ ಬಂತು ಎಂದೆಲ್ಲ ಹೇಳಿ ಬಂದೆ. ಕೊನೆಗೆ ಒಬ್ಬಳು ಕೇಳಿದಳು: "ಅಕ್ಕೋರ, ನೀವು ಕಲಿಸಿದ ಹೆಣ್ಮಕ್ಕಳು ಮುಂದ ಏನಾದರ್ರಿ?" ಎಲ್ಲರೂ ಚೆನ್ನಾಗಿದ್ದಾರೆ ಎಂದು ಜಾರಿಕೊಂಡೆ. ಮನೆಗೆ ಬಂದಮೇಲೆ ಆ ಪ್ರಶ್ನೆ ಬಿಡಲಿಲ್ಲ. ಎಲ್ಲರ ಕಥೆ ನನಗೆ ಗೊತ್ತಿಲ್ಲ. ಒಬ್ಬಳದು ಗೊತ್ತು. ಅದನ್ನಾದರೂ ಆ ಹುಡುಗಿಯರಿಗಾಗಿ ಬರೆದಿಡುತ್ತೇನೆ.

ನನ್ನ ಹೆಸರು ಸುಶೀಲಾ. ವಿಜಯಪುರದ ಶಹಾಪೇಟೆಯಲ್ಲಿ ನಮ್ಮ ಮನೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಅಪ್ಪ ಕೋರ್ಟಿನಲ್ಲಿ ಕಾರಕೂನರು. ನನ್ನನ್ನು ಮನೆಗೆ ಕರೆತಂದು, ಮೂಲೆಯಲ್ಲಿ ಕೂರಿಸುವ ಬದಲು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂರಿಸಿದರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸಲು ಇಲಾಖೆಯವರು ಶಿಕ್ಷಕಿಯರನ್ನು ತೆಗೆದುಕೊಳ್ಳುತ್ತಿದ್ದರು. ನನಗೆ ತಿಕೋಟಾದ ಕಡೆಯ ಹಳ್ಳಿಗಳು ಬಂದವು. ತಿಕೋಟಾದಲ್ಲಿ ಒಂದು ಖೋಲಿ ಹಿಡಿದೆ. ಬಿಜ್ಜರಗಿಗೆ ಮಾತ್ರ ಹೋದ ದಿನವೇ ತಿರುಗಿ ಬರುವುದಾಗುತ್ತಿರಲಿಲ್ಲ. ವಾರದಲ್ಲಿ ಎರಡು ದಿನ ಅಲ್ಲೇ ಉಳಿಯಬೇಕಾಗುತ್ತಿತ್ತು.

ಬಿಜ್ಜರಗಿಯಲ್ಲಿ ಮೊದಲ ದಿನದ ವರ್ಗ ಹನುಮಂತ ದೇವರ ಗುಡಿಯ ಪೌಳಿಯಲ್ಲಿ. ಮಧ್ಯಾಹ್ನದ ಹೊತ್ತು, ಹೆಂಗಸರು ಗುಂಪಾಗಿ ಬಂದು ಗೋಡೆಗೆ ಒರಗಿ ಕೂತರು. ಪ್ರತಿಯೊಬ್ಬರ ಹೆಸರಿನ ಮುಂದೆ ಗಂಡನ ಹೆಸರನ್ನೂ ಬರೆದುಕೊಳ್ಳಬೇಕೆಂದು ಮೇಲಿನವರ ಅಪ್ಪಣೆ. ಗಂಡನ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ ಎಂದು ನನಗೇನು ಗೊತ್ತಿರಲಿಲ್ಲವೇ? ಆದರೂ ಸರಕಾರದ ಕೆಲಸವೆಂದರೆ ರೂಢಿ ಬದಿಗೆ ಸರಿದು ನಿಲ್ಲುತ್ತದೆ ಎಂದುಕೊಂಡಿದ್ದೆ. ಮೊದಲನೆಯವಳನ್ನು ಕೇಳಿದೆ. ಸೆರಗನ್ನು ಬಾಯಿಗೆ ಹಿಡಿದಳು. ಎರಡನೆಯವಳು ಎದ್ದು ಹೋಗುವ ಹವಣಿಕೆಯಲ್ಲಿದ್ದಳು. ಆಗ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು, ಬರಿ ಹಣೆಯವಳು, ಗಟ್ಟಿ ದನಿಯಲ್ಲಿ ಹೇಳಿದಳು:

"ಹಂಗ ಕೇಳಿದ್ರ ಯಾರೂ ಹೇಳೂದಿಲ್ರಿ ಅಕ್ಕೋರ. ಒಡಪು ಹೇಳಸ್ರಿ. ಹೆಸರು ತಾನ ಹೊರಗ ಬರ್ತೈತಿ."

ಒಡಪು ನಮ್ಮ ಕಡೆಯ ಹೆಂಗಸರ ಆಸ್ತಿ. ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲು ದಾಟುವಾಗ, ಗಂಡನ ಹೆಸರನ್ನು ಪ್ರಾಸದ ಎರಡು ಸಾಲಿನಲ್ಲಿ ಹುದುಗಿಸಿ ಹೇಳುವ ಮಾತು. ಸುಮ್ಮನೆ ಹೇಳಿದರೆ ತಪ್ಪಾಗುವ ಹೆಸರು ಒಡಪಿನಲ್ಲಿ ಬಂದರೆ ಸೊಗಸು. ಆ ಮಾತಿಗೆ ಪೌಳಿಯೆಲ್ಲ ಜೀವ ತುಂಬಿಕೊಂಡಿತು. ಮೊದಲು ಬಾಯಿ ಮುಚ್ಚಿಕೊಂಡಿದ್ದವಳೇ ಎದ್ದು ನಿಂತಳು:

"ತಾಟಿನ್ಯಾಗ ಬಡಿಸೇನಿ ಬಿಸಿ ಬಿಸಿ ರೊಟ್ಟಿ,
ರಾಮಪ್ಪನ ಕೈ ಹಿಡದು ಆಗೇನಿ ಗಟ್ಟಿ."

ಒಬ್ಬರಾದ ಮೇಲೆ ಒಬ್ಬರು ಹೇಳಿದರು, ನಾನು ನಗುನಗುತ್ತ ಬರೆದುಕೊಂಡೆ. ಕೊನೆಯಲ್ಲಿ ಎತ್ತರದ, ಬಿಸಿಲಿಗೆ ಕಂದಿದ ಮುಖದ ಒಬ್ಬ ಹರೆಯದವಳು, ನೆಲ ನೋಡುತ್ತ ಹೇಳಿದಳು:

"ಹಿತ್ತಲದಾಗ ಹಬ್ಬಿಸೇನಿ ಹೀರಿಬಳ್ಳಿ ಚಪ್ಪರಕ್ಕ,
ಹೂವಾದ್ರೂ ಕಾಯಾಗಲಿಲ್ಲ, ಭೀಮಪ್ಪ ಬರಲಿಲ್ಲ ಹಬ್ಬಕ್ಕ."

ಯಾರೂ ನಗಲಿಲ್ಲ. ಅವಳೇ ಕಾಶವ್ವ. ಗಂಡ ಭೀಮಪ್ಪ ಸೊಲ್ಲಾಪುರದ ಬಟ್ಟೆ ಗಿರಣಿಯ ಕೆಲಸಕ್ಕೆಂದು ಹೋಗಿ ವರ್ಷಗಳೇ ಆಗಿದ್ದವು. ಮೂಲೆಯಲ್ಲಿ ಕೂತಿದ್ದ ಮುದುಕಿ ಸತ್ಯವ್ವ ಅವಳ ಅತ್ತೆ. ಇಬ್ಬರೂ ಆಡು ಸಾಕಿಕೊಂಡು ಬದುಕುತ್ತಿದ್ದರು.

ಅಷ್ಟರಲ್ಲಿ ಯಾರೋ, "ಇನ್ನ ಅಕ್ಕೋರು ಹೇಳ್ಲಿ" ಎಂದರು. ಹೇಳಿದ ಮೇಲೆ ನನ್ನ ಹಣೆ ನೋಡಿ ನಾಲಿಗೆ ಕಚ್ಚಿಕೊಂಡರು. ವಿಧವೆಗೆ ಒಡಪು ಎಲ್ಲಿಯದು? ಸತ್ಯವ್ವ ಎಲ್ಲರ ಕಡೆ ನೋಡಿ ಹೇಳಿದಳು:

"ನಾನೂ ಅಕ್ಕೋರೂ ಕೇಳವರು. ಹೇಳವರು ನೀವು. ಕೇಳವರಿಲ್ಲಂದ್ರ ನಿಮ್ಮ ಒಡಪು ಗಾಳಿಗಿ ಹೋಗ್ತಾವು, ತಿಳಕೋರಿ."

ಆ ದಿನ ಸಂಜೆ ಅವಳೇ ನನ್ನ ಗಂಟನ್ನು ಎತ್ತಿಕೊಂಡು ತನ್ನ ಮನೆಗೆ ಕರೆದುಕೊಂಡು ಹೋದಳು. ಬಿಜ್ಜರಗಿಯಲ್ಲಿ ನಾನು ಉಳಿಯುತ್ತಿದ್ದುದು ಅಲ್ಲಿಯೇ.

ಇನ್ನು ನಮ್ಮ ಸಾಹೇಬರ ವಿಷಯ. ಮೇಲಧಿಕಾರಿಗಳನ್ನು ಬೈದು ಬರೆಯುವುದು ಸುಲಭ. ಇವರನ್ನು ನಾನು ಬೈಯಲಾರೆ. ಹಾರ್ಮೋನಿಯಂ ಚೆನ್ನಾಗಿ ಬಾರಿಸುತ್ತಿದ್ದರು. ಹಾಡಿನಿಂದ ಹಳ್ಳಿ ಬದಲಾಗುತ್ತದೆ ಎಂದು ಮನಸಾರೆ ನಂಬಿದ್ದರು. ಬಾವಿಗೆ ಕಟ್ಟೆ ಕಟ್ಟಿಸಿರಿ, ಹೊಗೆಯಿಲ್ಲದ ಒಲೆ ಹಾಕಿರಿ, ಮಕ್ಕಳಿಗೆ ಮೈಲಿ ಬೇನೆಯ ಚುಚ್ಚು ಹಾಕಿಸಿರಿ, ಎಲ್ಲದಕ್ಕೂ ತಾವೇ ಪದ ಕಟ್ಟಿ, ರಾಗ ಹಾಕಿ ನಮಗೆ ಕಲಿಸುತ್ತಿದ್ದರು. ನಾವು ಹೋಗಿ ಹೆಂಗಸರಿಗೆ ಕಲಿಸಬೇಕು. ಬಿಜ್ಜರಗಿಯ ಹೆಂಗಸರು ಮರ್ಯಾದೆಗಾಗಿ ಹಾಡುತ್ತಿದ್ದರು. ಒಲೆಯ ಹಾಡು ಹಾಡುವಾಗ ಅವರ ಮುಖ ನೋಡಿದರೆ, ಯಾರದೋ ಮನೆಯ ಮದುವೆಯಲ್ಲಿ ಪಂಕ್ತಿಗೆ ಕಾಯುತ್ತ ನಿಂತವರ ಹಾಗೆ ಇರುತ್ತಿತ್ತು.

ನನ್ನ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಅಕ್ಷರದ ಜೊತೆಗೆ ಶುದ್ಧ ಭಾಷೆಯನ್ನೂ ಕಲಿಸೋಣವೆಂದು ಅವರ ಹಾಡನ್ನೇ ತಿದ್ದಲು ಹೋದೆ. 'ಹೊಕ್ಕೇನಿ' ಅಲ್ಲ, 'ಹೋಗುತ್ತೇನೆ' ಅನ್ನಿ ಎಂದೆ. ಅಂದರು. ಹಾಡು ಕುಂಟತೊಡಗಿತು, ತಾಳಕ್ಕೆ ಕಾಲೇ ಸಿಗಲಿಲ್ಲ. ಸತ್ಯವ್ವ, "ಅಕ್ಕೋರ, ಇದಕ್ಕ ಚಪ್ಪಲಿ ಹಾಕಬ್ಯಾಡ್ರಿ. ಬರಿಗಾಲಿಲೇ ನಡದು ರೂಢಿ ಐತಿ" ಎಂದಳು. ಅಂದಿನಿಂದ ತಿದ್ದುವುದನ್ನು ಬಿಟ್ಟೆ.

ಅವರ ಮನೆಯಲ್ಲಿ ಮಲಗಿ ಎದ್ದ ಬೆಳಗುಗಳು ಇನ್ನೂ ನನ್ನ ಕಿವಿಯಲ್ಲಿವೆ. ಬೆಳಕು ಹರಿಯುವ ಹೊತ್ತಿಗೆ ಅತ್ತೆ ಸೊಸೆ ಬೀಸುವ ಕಲ್ಲಿನ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಚ್ಚಿ ಜೋಳ ಬೀಸುತ್ತಿದ್ದರು. ಸತ್ಯವ್ವ ಒಂದು ಸಾಲು ಎತ್ತಿದರೆ ಕಾಶವ್ವ ಮುಂದಿನದನ್ನು ಕೂಡಿಸಬೇಕು. ಸೊಸೆ ತಡವರಿಸಿದರೆ ಅತ್ತೆ ಕಲ್ಲು ನಿಲ್ಲಿಸಿ ಕಾಯುತ್ತಿದ್ದಳು, ಬೈಯುತ್ತಿರಲಿಲ್ಲ. ಹಗಲಿನಲ್ಲಿ ನೀರಿಗೆ, ಸೌದೆಗೆ, ಉಪ್ಪಿಗೆ ಜಗಳವಾಡುತ್ತಿದ್ದ ಇಬ್ಬರೂ ಕಲ್ಲಿನ ಮುಂದೆ ಜೊತೆಗಾತಿಯರಾಗುತ್ತಿದ್ದರು. ಹಾಡಿನ ತುಂಬ ಕಾಶವ್ವನ ತವರು ಅರಕೇರಿ, ಅಲ್ಲಿರುವ ಅವಳ ಅಣ್ಣ. ಅಣ್ಣನ ಎತ್ತು, ಅಣ್ಣ ಕಟ್ಟಿಸಿದ ಬಾವಿ, ತಂಗಿಗೆ ಸೀರೆ ತರುವ ಅಣ್ಣ. ಆ ಅಣ್ಣನ ಚಕ್ಕಡಿ ಒಂದು ಹಬ್ಬಕ್ಕೂ ಬಂದದ್ದನ್ನು ನಾನು ಕಾಣಲಿಲ್ಲ. ಹಾಡಿನಲ್ಲಿ ಮಾತ್ರ ದಿನಾ ಬರುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಕಾಶವ್ವ ತನ್ನ ಹೆಸರು ಬರೆಯಲು ಕಲಿತಳು. ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕೋರ, ಇಷ್ಟ ಹಾಡ ಹಾಡೇನಿ. ಒಂದರಾಗೂ ಈ ಹೆಸರ ಇಲ್ಲಲ್ರಿ?"

"ನಿನ್ನ ಹಾಡಿನ್ಯಾಗ ನಿನ್ನ ಹೆಸರ ಯಾಕಬೇ?" ಎಂದು ಪಕ್ಕದವಳು ನಕ್ಕಳು.

"ಅಣ್ಣನ ಹೆಸರ ಐತಿ, ಎತ್ತಿನ ಹೆಸರ ಐತಿ. ನಾ ಎತ್ತಿಗಿಂತ ಕಡಿಮಿ ಆದ್ನೇನಬೇ?" ಎಂದಳು ಕಾಶವ್ವ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿ ಒಡಪು ಹೇಳಂಗಿಲ್ಲ, ನೀವೂ ಹೇಳಂಗಿಲ್ಲ. ಗಂಡ ಸತ್ತರ ಹೆಣ್ಮಗಳ ಬಾಯಾಗ ಹೇಳೂವಂಥಾ ಹೆಸರ ಉಳಿಯೂದ ಇಲ್ಲೇನ್ರಿ?" ಎಂದು ಕೇಳಿದಳು. ನಾನು ಸತ್ಯವ್ವನ ಕಡೆ ನೋಡಿದೆ. ಅವಳು ಬಳಪವನ್ನು ನೆಲಕ್ಕೆ ಉಜ್ಜುತ್ತ ಕೂತಿದ್ದಳು.

ಅಲ್ಲಿಂದ ಕಾಶವ್ವನ ಹಾಡು ಬದಲಾಗುತ್ತ ಹೋಯಿತು. ಒಂದೇ ದಿನಕ್ಕೆ ಆದದ್ದಲ್ಲ. ಮೊದಲು ಅಣ್ಣ ಕಡಿಮೆಯಾದ. ಆಮೇಲೆ ಅವಳ ಆಡುಗಳು, ಅವಳು ತಿರುಗುವ ಗುಡ್ಡ, ಅವಳ ಕಾಲಿಗೆ ನೆಟ್ಟ ಜಾಲಿಮುಳ್ಳು ಹಾಡಿನೊಳಗೆ ಬಂದವು. ಅಷ್ಟು ವರ್ಷ ದಿನವೂ ಕಾಣುತ್ತಿದ್ದವು, ಹಾಡಿಗೆ ಸಲ್ಲುತ್ತವೆ ಎಂದು ಅವಳಿಗೆ ತೋಚಿರಲಿಲ್ಲ ಅಷ್ಟೇ. ಒಂದು ದಿನ ವರ್ಗದಲ್ಲಿ ಇದನ್ನು ಹೇಳಿದಳು:

"ಆಡ ಕಾಯೂ ಹೊತ್ತಿನ್ಯಾಗ ಕೂಗೇನಿ ಗುಡ್ಡದ ಮ್ಯಾಲ,
ನನ್ನ ದನಿ ನನಗ ಬಂತವ್ವ ತಿರುಗಿ ಎರಡ ಸಲ."

"ಇದರಾಗ ಗಂಡ ಎಲ್ಲ್ಯದಾನಬೇ?" ಎಂದು ಯಾರೋ ಕೇಳಿದರು.

"ಸೊಲ್ಲಾಪುರದಾಗ ಅದಾನ" ಎಂದಳು ಕಾಶವ್ವ.

ಪೌಳಿಗೆ ಪೌಳಿಯೇ ನಕ್ಕಿತು. ಸತ್ಯವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡಳು. ಏನೇ ಆದರೂ ಭೀಮಪ್ಪ ಅವಳ ಮಗ.

ಮರುವರ್ಷ ಭೀಮಪ್ಪ ಬಂದ. ಒಬ್ಬನೇ ಬರಲಿಲ್ಲ. ಸೊಲ್ಲಾಪುರದಲ್ಲಿ ಕೂಡಿಕೊಂಡ ಹೆಂಗಸು ಶೇವಂತಾ, ಅವಳ ಸೊಂಟದ ಮೇಲೆ ಒಂದು ಕೂಸು. ಗಿರಣಿಯ ಕೆಲಸ ಹೋಗಿತ್ತು, ಊರೇ ಗತಿಯಾಗಿತ್ತು. ಹಿರಿಯರು ಕೂತು ಮಾತಾಡಿದರು. ಕಾಶವ್ವನನ್ನು ಬಿಡುವುದಿಲ್ಲ, ಇಬ್ಬರನ್ನೂ ಇಟ್ಟುಕೊಳ್ಳುತ್ತೇನೆ ಎಂದು ಭೀಮಪ್ಪ ಹೇಳಿದ. ಹಿರಿಯರಿಗೆ ಅದು ದೊಡ್ಡ ಮನಸ್ಸಾಗಿ ಕಂಡಿತು. ಆಗ ಹಾಗೆಯೇ ಇತ್ತು. ಕಾಶವ್ವ ಎಲ್ಲರೆದುರು ಹೊಸ್ತಿಲಲ್ಲಿ ಆರತಿ ಹಿಡಿದು, ಗಂಡನ ಹೆಸರಿಟ್ಟು ಒಡಪು ಹೇಳಿ, ಅವನನ್ನು ಒಳಗೆ ಕರೆದುಕೊಂಡರೆ ಎಲ್ಲ ಸರಿಹೋದಂತೆ ಎಂದು ತೀರ್ಮಾನವಾಯಿತು.

ನನ್ನ ವರ್ಗದ ದಿನವೇ ಅದು. ಬೆಳಗಿನ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಶೇವಂತಾ ಗೋಡೆಯ ಬದಿಗೆ ನನ್ನ ಪಕ್ಕದಲ್ಲಿ ನಿಂತಿದ್ದಳು. ಮರಾಠಿಯಲ್ಲಿ ನನ್ನನ್ನು ಮೆಲ್ಲಗೆ ಕೇಳಿದಳು, ಆರತಿ ಹಿಡಿದವಳ ಹೆಸರೇನು ಎಂದು. ಇಂಥ ಒಬ್ಬಳು ಇದ್ದಾಳೆಂದು ಅವಳಿಗೆ ದಾರಿಯಲ್ಲಿ ಬರುವಾಗಷ್ಟೇ ತಿಳಿದಿತ್ತಂತೆ. ಹೇಳಿದೆ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ತಲೆ ತಗ್ಗಿಸಿದಳು.

"ಹೆಸರ ಹೇಳು, ಹೆಸರ ಹೇಳು" ಎಂದು ಹೆಂಗಸರು ಕೂಗತೊಡಗಿದರು. ಕಾಶವ್ವ ಹೊಸ್ತಿಲಿನ ಒಳಗೆ, ಭೀಮಪ್ಪ ಹೊರಗೆ. ಅವಳು ಒಮ್ಮೆ ಅತ್ತೆಯ ಕಡೆ ನೋಡಿದಳು. ಆಮೇಲೆ ಹೇಳಿದಳು:

"ಬಾವ್ಯಾಗ ಬಗ್ಗಿ ನೋಡಿದ್ರ ಕಂಡೀತ ನನ್ನ ಮಾರಿ,
ಕಾಶವ್ವಂತ ಕರದರ ಓ ಅಂತೇನಿ, ಇದ ನನ್ನ ದಾರಿ."

ಆರತಿಯ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ನೆಟ್ಟಗೆ ನಿಂತಳು. ಒಡಪು ಮುಗಿಯಿತೆಂದು ಯಾರಿಗೂ ಅನ್ನಿಸಲಿಲ್ಲ. ಇನ್ನೊಂದು ಸಾಲು ಇದೆಯೇನೋ ಎಂದು ಕಾದರು.

"ಇದರಾಗ ನನ್ನ ಹೆಸರ ಎಲ್ಲಿ ಐತಿ?" ಎಂದ ಭೀಮಪ್ಪ.

ಸತ್ಯವ್ವ ಮುಂದೆ ಬಂದಳು. "ಇಷ್ಟ ವರ್ಷ ಅಕಿ ನಿನ್ನ ಹೆಸರ ಹೇಳ್ಯಾಳಪಾ. ಹಬ್ಬಕ್ಕ ಹೇಳ್ಯಾಳ, ಹುಣ್ಣಿಮಿಗಿ ಹೇಳ್ಯಾಳ. ನೀ ಒಮ್ಮೆ ಅಕಿ ಹೆಸರ ಹಿಡದು ಕರಿ, ಕೇಳೂಣು."

ಭೀಮಪ್ಪನಿಗೆ ಹೆಸರು ಗೊತ್ತಿರಲಿಲ್ಲವೆಂದಲ್ಲ. ಎಂದೂ ಹಾಗೆ ಕರೆದವನಲ್ಲ. ಅಷ್ಟು ಜನರೆದುರು ಹೆಂಡತಿಯ ಹೆಸರು ಹಿಡಿಯುವುದು ಅವನಿಂದ ಆಗಲಿಲ್ಲ. "ಲೇ..." ಎಂದ. ಅಷ್ಟಕ್ಕೇ ನಿಂತ. ಕಾಶವ್ವ ಪಕ್ಕಕ್ಕೆ ಸರಿದು, ಹೊರಗೆ ಬಂದು, ಶೇವಂತಾಳ ಕೈಯಿಂದ ಕೂಸನ್ನು ತೆಗೆದುಕೊಂಡು ಸತ್ಯವ್ವನ ಮಡಿಲಿಗೆ ಕೊಟ್ಟಳು. "ಮೊಮ್ಮಗಳು ಬಂದಾಳ ನೋಡತ್ತಿ" ಎಂದಳು. ಆ ದಿನವೇ ಮನೆ ಬಿಟ್ಟಳು. ಸತ್ಯವ್ವ ಅವಳ ಜೊತೆ ಹೋಗಲಿಲ್ಲ. ಹೇಗೆ ಹೋದಾಳು? ಮಗ, ಕೂಸು, ಭಾಷೆ ಬಾರದ ಹೊಸ ಸೊಸೆ. ಊರ ಅಗಸೆ ಬಾಗಿಲಿನವರೆಗೆ ಕಳಿಸಲು ಬಂದಳು. ಇಬ್ಬರೂ ಅಳಲಿಲ್ಲ. "ಹೋಗಿ ಬಾ" ಎಂದಳು ಅತ್ತೆ. ಸೊಸೆ "ಬರ್ತೇನಿ" ಎಂದಳು.

ಹೆಂಗಸರ ವರ್ಗದಿಂದ ಊರು ಕೆಟ್ಟಿತು ಎಂದು ಬಿಜ್ಜರಗಿಯ ಹಿರಿಯರು ದೂರು ಕೊಟ್ಟರು. ಅಕ್ಷರ ಕಲಿಸಿ ಅಂದರೆ ಈ ಹೆಂಗಸು ಒಡಪು ಕಲಿಸಿದ್ದಾಳೆ ಎಂದರು. ಸಾಹೇಬರು ನನ್ನನ್ನು ಕರೆಸಿ, "ನಿನ್ನ ತಪ್ಪೇನೂ ಇಲ್ಲವ್ವಾ. ಆದರ ಊರಿನವರನ್ನ ಎದುರು ಹಾಕ್ಕೊಂಡು ವರ್ಗ ನಡಸೂದು ಹ್ಯಾಂಗ?" ಎಂದರು. ಬಿಜ್ಜರಗಿಯ ವರ್ಗ ಮುಚ್ಚಿತು. ನನ್ನನ್ನು ಬಬಲೇಶ್ವರ, ಕಾಖಂಡಕಿಯ ಕಡೆಗೆ ಹಾಕಿದರು. 'ಕ' ಅಕ್ಷರದ ಹತ್ತಿರ ಬಂದು ನಿಂತಿದ್ದ ಆ ಉಳಿದ ಹೆಂಗಸರು ಅಲ್ಲಿಯೇ ಉಳಿದರು.

ಕಾಶವ್ವ ಮೊದಲು ಹೋದದ್ದು ಅರಕೇರಿಗೆ, ಅಣ್ಣನ ಮನೆಗೆ. ಕೆಲವು ದಿನ ಇಟ್ಟುಕೊಂಡರು. ಒಂದು ಬೆಳಿಗ್ಗೆ ಅಣ್ಣ ಚಕ್ಕಡಿ ಹೂಡಿ, "ನಡಿಯವ್ವಾ, ನಿನ್ನ ಮನಿಗೆ ಬಿಟ್ಟು ಬರ್ತೇನಿ" ಎಂದನಂತೆ. ಹಾಡಿನಲ್ಲಿ ಎಷ್ಟೋ ವರ್ಷ ಕಾದ ಚಕ್ಕಡಿ ಅದು. ಅವಳು ಏರಲಿಲ್ಲ. ನಡೆದುಕೊಂಡು ವಿಜಯಪುರಕ್ಕೆ ಬಂದು, ಕೇಳುತ್ತ ಕೇಳುತ್ತ ಶಹಾಪೇಟೆಯ ನಮ್ಮ ಮನೆ ಹುಡುಕಿದಳು. ಬಾಗಿಲು ತೆಗೆದವರು ಅಪ್ಪ. ಯಾರು ಎಂದು ಕೇಳಿದಾಗ, "ಕಾಶವ್ವರಿ" ಎಂದಷ್ಟೇ ಹೇಳಿದಳಂತೆ. ಯಾರ ಮಗಳು, ಯಾರ ಹೆಂಡತಿ ಎಂದು ಹೇಳಲಿಲ್ಲ. ಅಪ್ಪನೂ ಕೇಳಲಿಲ್ಲ.

ಅಪ್ಪನ ಪರಿಚಯದವರಿಂದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಆಯಾ ಕೆಲಸ ಸಿಕ್ಕಿತು. ನಮ್ಮ ಓಣಿಯಲ್ಲೇ ಒಂದು ಸಣ್ಣ ಖೋಲಿ ಹಿಡಿದಳು. ನಾನು ಊರಿಗೆ ಬಂದಾಗಲೆಲ್ಲ ಹೋಗುತ್ತಿದ್ದೆ. ಚಹಾ ಮಾಡಿ ಕೊಡುತ್ತಿದ್ದಳು, ವಾರ್ಡಿನ ಸುದ್ದಿ ಹೇಳುತ್ತಿದ್ದಳು, ಗೋಡೆಗೆ ಅಂಟಿಸಿದ ಹಳೆಯ ಪತ್ರಿಕೆಯನ್ನು ಅಕ್ಷರ ಕೂಡಿಸಿ ಓದಿ ತೋರಿಸುತ್ತಿದ್ದಳು.

ಅವಳ ಒಡಪಿನ ಸುದ್ದಿ ಸಾಹೇಬರ ಕಿವಿಗೂ ಬಿದ್ದಿತ್ತು. ದೂರಿನ ಮೂಲಕವೇ ಬಿದ್ದದ್ದು, ಆದರೆ ಪದ ಅವರ ತಲೆಯಲ್ಲಿ ಉಳಿದಿತ್ತು. ಒಂದು ಭಾನುವಾರ ಹಾರ್ಮೋನಿಯಂ ಹೊರಿಸಿಕೊಂಡು ನಮ್ಮ ಮನೆಗೇ ಬಂದರು. ಕಾಶವ್ವನನ್ನು ಕರೆಸಿದೆ. ಮೊದಲು ನಾಚಿದಳು, ಸಾಹೇಬರು ಸ್ವರ ಹಿಡಿದ ಮೇಲೆ ಗುಡ್ಡದ ಪದ, ಬಾವಿಯ ಪದ ಎರಡನ್ನೂ ಬಾಯಿ ತುಂಬ ಹಾಡಿದಳು. ಸಾಹೇಬರ ಕಣ್ಣು ಒದ್ದೆಯಾದವು. "ನಾ ಜೀವಮಾನ ಪೂರಾ ಬರದ್ರೂ ಇಂಥಾದ್ದೊಂದು ಸಾಲು ಬರಿಯಾಕ ಆಗೂದಿಲ್ಲವ್ವಾ. ಇದು ಪುಸ್ತಕದಾಗ ಬರಬೇಕು" ಎಂದರು. ಕಾಶವ್ವ ಆ ದಿನ ನಮ್ಮ ಮನೆಯಲ್ಲೇ ಉಂಡಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಮತ್ತೆ ನೋಡಲಿಲ್ಲ.

ಅದು ಗಡಿಯಲ್ಲಿ ಯುದ್ಧ ನಡೆದ ಕಾಲ. ಶಾಲೆ ಶಾಲೆಯಲ್ಲಿ ದೇಶದ ಹಾಡುಗಳು. ಇಲಾಖೆಯ ಹಾಡಿನ ಪುಸ್ತಕ ಬರುತ್ತಿದೆ, ವಿಜಯಪುರದ ಮೈದಾನದಲ್ಲಿ ಶಾಲೆಯ ಹುಡುಗಿಯರು ಅದರ ಹಾಡುಗಳನ್ನು ಹಾಡುತ್ತಾರೆ, ಕಾಶವ್ವನ ಹಾಡೂ ಇದೆ ಎಂದು ಸಾಹೇಬರು ಹೇಳಿ ಕಳಿಸಿದರು. ಕಾಶವ್ವ ಇಳಕಲ್ ಸೀರೆ ಉಟ್ಟು, ಆಸ್ಪತ್ರೆಯ ಇಬ್ಬರು ಆಯಾಗಳನ್ನೂ ಕರೆದುಕೊಂಡು ಬಂದಳು. ಮುಂದಿನ ಸಾಲಿನಲ್ಲಿ ಜಾಗ ಹಿಡಿದೆವು. ಬಿಳಿ ಸೀರೆಯುಟ್ಟ ಹುಡುಗಿಯರು ಸಾಲಾಗಿ ನಿಂತು ಹಾಡಿದರು:

"ಬಾವ್ಯಾಗ ಬಗ್ಗಿ ನೋಡಿದ್ರ ಕಂಡೀತ ನಾಡ ಮಾರಿ,
ನಾಡು ಕರದರ ಓ ಅಂತೇವಿ, ಇದ ನಮ್ಮ ದಾರಿ."

ಮೈದಾನ ತುಂಬ ಚಪ್ಪಾಳೆ. ಪಕ್ಕದ ಆಯಾ, "ನಿನ್ನ ಹಾಡ ಯಾವಾಗ ಬರ್ತೈತಿ ಕಾಶವ್ವಾ?" ಎಂದು ಕೇಳಿದಳು. ಇನ್ನೊಂದು ಹಾಡು ಶುರುವಾಯಿತು. ಆಗ ಕಾಶವ್ವ ನನ್ನ ಕಡೆ ತಿರುಗಿದಳು.

"ನನ್ನ ಹೆಸರ ಎಲ್ಲಿ ಹೋತ್ರಿ ಅಕ್ಕೋರ?"

ಕಾರ್ಯಕ್ರಮ ಮುಗಿಯುವುದನ್ನೂ ಕಾಯದೆ ಸಾಹೇಬರನ್ನು ವೇದಿಕೆಯ ಹಿಂದೆ ಹಿಡಿದೆ. ನನ್ನ ದನಿ ಏರಿತ್ತು. ಅವರು ಸಿಟ್ಟಾಗಲಿಲ್ಲ. "ನೋಡವ್ವಾ, ಒಬ್ಬಾಕಿ ಹೆಸರಿದ್ರ ಅದು ಒಬ್ಬಾಕಿ ಹಾಡು. ಆ ಹೆಸರ ತಗದ್ರ ಎಲ್ಲಾರ ಹಾಡು. ಅಕಿ ಪದಾನ್ನ ನಾ ದೊಡ್ಡದು ಮಾಡೇನಿ" ಎಂದರು. ಅದು ಎಲ್ಲರಿಗೂ ತಟ್ಟಿದ್ದೇ ಒಬ್ಬಳ ಹೆಸರಿದ್ದದ್ದಕ್ಕೆ, ಆ ಹೆಸರನ್ನು ಹೇಳಲು ಅವಳು ಮನೆಯನ್ನೇ ಬಿಟ್ಟಳು ಎಂದೆ. ಪುಸ್ತಕ ಅಚ್ಚಾಗಿ ಹೋಗಿದೆ, ಇನ್ನು ಏನು ಮಾಡಲು ಬರುತ್ತದೆ ಎಂದರು. ನಿಜವಾಗಿಯೂ ದೊಡ್ಡದು ಮಾಡಿದೆನೆಂದೇ ಅವರು ತಿಳಿದಿದ್ದರು. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಲೂ ನನಗೆ ಪೂರ್ತಿ ಆಗಲಿಲ್ಲ, ಮರೆಯಲೂ ಆಗಲಿಲ್ಲ.

ಆ ಪುಸ್ತಕವೇ ನನ್ನ ಬಬಲೇಶ್ವರದ ವರ್ಗಕ್ಕೂ ಬಂತು. ಕಲಿಸಬೇಕಾಯಿತು. ಕಾಖಂಡಕಿಯಲ್ಲಿ ಒಬ್ಬಳು ಕೇಳಿದಳು: "ನಾಡು ಕರದರ ಓ ಅಂತೇವ್ರಿ. ನಮ್ಮನ್ನ ನಾಡು ಯಾವಾಗ ಕರದೈತ್ರಿ? ಕರಿಯೂದು ಅತ್ತಿ ಒಬ್ಬಾಕೀನ." ಆಗ ಮೂಲದ ಒಡಪನ್ನು ಹೇಳಿ, ಅದನ್ನು ಕಟ್ಟಿದವಳು ಯಾರು ಎಂಬುದನ್ನೂ ಹೇಳಿದೆ. ಕೆಲವರು ತಮ್ಮ ತಮ್ಮ ಹೆಸರಿಟ್ಟು ಹೇಳಿ ನೋಡಿದರು. ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಆಟವಾಯಿತು. ಮರುವಾರ ಹೋದಾಗ ಯಾರಿಗೂ ನೆನಪಿರಲಿಲ್ಲ. ಪುಸ್ತಕದ ಹಾಡು ಮಾತ್ರ ನೆನಪಿತ್ತು. ಶಾಲೆಯಲ್ಲಿ ಮಕ್ಕಳು ದಿನಾ ಹಾಡುತ್ತಿದ್ದರಲ್ಲ.

ಅರವತ್ತರ ದಶಕ ಮುಗಿಯುವಷ್ಟರಲ್ಲಿ ಕೆಲಸದ ರೀತಿ ಎಷ್ಟೋ ಬದಲಾಯಿತು. ಪಾಟಿಯ ಬದಲು ಬಣ್ಣದ ಚಿತ್ರಗಳು, ಹಾರ್ಮೋನಿಯಂ ಬದಲು ಪಂಚಾಯತಿಯ ರೇಡಿಯೋ. ದೊಡ್ಡ ಊರುಗಳಿಗೆ ಹಿಟ್ಟಿನ ಗಿರಣಿಗಳು ಬಂದವು. ಅದು ಹೆಂಗಸರ ರಟ್ಟೆಗೆ ಎಂಥ ಬಿಡುಗಡೆ ಎಂಬುದು ನನಗೆ ಗೊತ್ತು; ಬೀಸಿ ಬೀಸಿ ಬೊಬ್ಬೆ ಬಂದ ಕೈಗಳನ್ನು ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಗಿರಣಿಯ ಸದ್ದಿನಲ್ಲಿ ಯಾರೂ ಹಾಡುವುದಿಲ್ಲ ಎಂಬುದೂ ನಿಜ.

ಕಾಶವ್ವನ ಮಟ್ಟಿಗೆ ಹಾಡು ಅದಕ್ಕೂ ಮೊದಲೇ ನಿಂತಿತ್ತು. ಮೈದಾನದ ಆ ದಿನದ ಬೇಸರ ಎಂದು ಬಹಳ ಕಾಲ ತಿಳಿದಿದ್ದೆ. ಒಮ್ಮೆ ಕೇಳಿಯೇಬಿಟ್ಟೆ.

"ಅದಕ್ಕಲ್ರಿ" ಎಂದಳು. "ಆ ಸಾಹೇಬರ ಮ್ಯಾಲ ಏನ ಸಿಟ್ಟ ಇಟ್ಟಕೊಳ್ಳಲಿ? ಒಬ್ಬಾಕಿ ಹ್ಯಾಂಗ ಹಾಡ್ಲಿರಿ ಅಕ್ಕೋರ? ಮೊದಲಿನ ಸಾಲ ಅತ್ತಿ ಎತ್ತತಿದ್ಲು. ನಾ ತಡದ್ರ ಕಾಯತಿದ್ಲು. ಇಲ್ಲಿ ನನಗ ಹೆಸರ ಐತಿ, ಪಗಾರ ಐತಿ, ಎಲ್ಲಾರೂ ಕಾಶವ್ವಾ ಕಾಶವ್ವಾ ಅಂತಾರ. ಎದುರಿಗೆ ಕುಂಡ್ರಾಕ ಯಾರೂ ಇಲ್ಲ."

ನಾನು ಅವಳನ್ನು ಗೆದ್ದವಳೆಂದು ಎಣಿಸಿಕೊಂಡಿದ್ದೆ. ಗೆದ್ದದ್ದು ಸುಳ್ಳಲ್ಲ. ಆದರೆ ಹಾಡಿನಲ್ಲಿ ತನ್ನನ್ನು ಹುಡುಕಿಕೊಂಡವಳು, ಸಿಕ್ಕ ತನ್ನನ್ನು ಎತ್ತಿಕೊಂಡು ಹೊರಟಾಗ ಹಾಡನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು ಎಂಬುದು ನನಗೆ ಆ ಮಧ್ಯಾಹ್ನ ಗೊತ್ತಾಯಿತು.

ಸತ್ಯವ್ವ ತೀರಿಕೊಂಡ ಸುದ್ದಿಯನ್ನು ವಾರ್ಡಿಗೆ ಬಂದ ತಿಕೋಟಾದ ಬಾಣಂತಿಯ ಕಡೆಯವರು ತಂದರು. ನಾನು ಅಂದು ವಿಜಯಪುರದಲ್ಲೇ ಇದ್ದೆ. ಇಬ್ಬರೂ ಬಸ್ಸು ಹತ್ತಿದೆವು. ಬಿಜ್ಜರಗಿ ಮುಟ್ಟಿದಾಗ ಅಂಗಳದಲ್ಲಿ ಹೆಣವನ್ನು ಕೂರಿಸಿದ್ದರು. ಹೆಂಗಸರು ಸುತ್ತ ಕೂತು, ಸತ್ತವಳನ್ನು ಹೆಸರಿಸಿ, ಪದ ಕಟ್ಟಿ ಅಳುತ್ತಿದ್ದರು. ಕಾಶವ್ವ ಅಂಗಳದ ಅಂಚಿಗೆ ನಿಂತುಬಿಟ್ಟಳು. ಬಿಟ್ಟು ಹೋದ ಸೊಸೆಗೆ ಅಲ್ಲಿ ಯಾವ ಜಾಗ? ಭೀಮಪ್ಪ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದ. ಶೇವಂತಾ ಎದ್ದು ಬಂದಳು. ಅಷ್ಟು ವರ್ಷದಲ್ಲಿ ಕನ್ನಡ ಅವಳ ಬಾಯಿಗೆ ಕೂತಿತ್ತು.

"ಕಾಶಕ್ಕಾ, ಬಾ. ಕಡಿತನಕ ನಿನ್ನ ಕೇಳ್ಯಾಳ" ಎಂದು ಕೈ ಹಿಡಿದು ಕರೆದೊಯ್ದು ಹೆಣದ ಎದುರಿಗೆ ಕೂರಿಸಿದಳು.

ಎಲ್ಲರೂ ಕಾಶವ್ವನ ಬಾಯಿಯನ್ನೇ ನೋಡಿದರು. ಊರಿನಲ್ಲಿ ಅವಳ ಪದ ಮರೆತವರು ಯಾರೂ ಇರಲಿಲ್ಲ. ಅವಳು ಬಾಯಿ ತೆರೆದಳು. ಪದ ಬರಲಿಲ್ಲ. ಎರಡು ಸಲ "ಅತ್ತೀ" ಎಂದಳು, ಮುಂದಿನದು ಹೊರಡಲೇ ಇಲ್ಲ. ಪೇಟೆಯವರು ಅಳುವ ಹಾಗೆ, ಮುಖಕ್ಕೆ ಸೆರಗು ಮುಚ್ಚಿಕೊಂಡು ಸುಮ್ಮನೆ ಅತ್ತಳು. ಉಳಿದ ಹೆಂಗಸರು ಸ್ವಲ್ಪ ಹೊತ್ತು ಕಾದು, ಮತ್ತೆ ತಮ್ಮ ಪದ ಎತ್ತಿಕೊಂಡರು.

ಮಣ್ಣು ಮುಗಿಸಿ ಸಂಜೆಯ ಬಸ್ಸಿಗೆ ಹೊರಟೆವು. ಬಹಳ ದೂರ ಬಂದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಅತ್ತಿ ಪದ ಒಂದೂ ಬರಕೊಳ್ಳಲಿಲ್ರಿ. ಬರಿಯಾಕ ಬರ್ತಿತ್ತು ನನಗ. ನನ್ನ ಹೆಸರನ್ನ ಬರಕೋತ ಕುಂತೆ."

ನಾನೂ ಬರೆದುಕೊಂಡಿರಲಿಲ್ಲ. ಎಷ್ಟೋ ಬೆಳಗು ಅವರ ಮನೆಯಲ್ಲಿ ಎಚ್ಚರವಾಗಿ ಮಲಗಿ ಕೇಳಿದ್ದೇನೆ. ಪಕ್ಕದಲ್ಲೇ ನನ್ನ ಚೀಲ, ಚೀಲದಲ್ಲಿ ಕಾಗದ, ಸೀಸಕಡ್ಡಿ. ಅವು ಇಲಾಖೆಯ ಕೆಲಸಕ್ಕೆ ಎಂದುಕೊಂಡಿದ್ದೆ.

"ಈಗಲಾದರೂ ನೆನಪು ಮಾಡಿಕೊಳ್ಳೋಣ" ಎಂದೆ. ತಿಕೋಟಾ ದಾಟುವವರೆಗೂ ಇಬ್ಬರೂ ಕೂತು ನೆನೆದೆವು. ರಾಗ ಪೂರ್ತಿಯಾಗಿ ಬರುತ್ತಿತ್ತು. ಮಾತಿನಲ್ಲಿ ನಾಲ್ಕು ಸಾಲು ಸಿಕ್ಕವು. ಅವುಗಳಲ್ಲೂ ಎರಡು ಸತ್ಯವ್ವನವೋ, ಕಾಶವ್ವ ಕೂಡಿಸಿದವೋ ಎಂಬುದು ಅವಳಿಗೂ ಖಾತ್ರಿಯಿರಲಿಲ್ಲ, ನನಗೂ ಇರಲಿಲ್ಲ.